ಹೊಟ್ಟೆ ತುಂಬಿಸುವ ಊನೋದರ

ಶ್ರಾವಕನ ಧರ್ಮವು ಬಸದಿಯಲ್ಲಿ ಆರಂಭವಾಗುವುದೆಂದು ಹೇಳುವುದುಂಟು. ಅದು ಉಳಿಯುವುದೋ ಅಳಿಯುವುದೋ ಎಂಬುದು ಮಾತ್ರ ಅಡಿಗೆಮನೆಯಲ್ಲಿ ತೀರ್ಮಾನವಾಗುತ್ತದೆ. ಆ ಅಡಿಗೆಮನೆಗೆ ಈಚಿನ ವರ್ಷಗಳಲ್ಲಿ ಹೊಸ ಅತಿಥಿಯೊಂದು ಬಂದಿದೆ. ನೀರಿನಲ್ಲಿ ಮುಳುಗಿಸಿ ಪೊಟ್ಟಣ ಕಟ್ಟಿದ, ಬಿಳಿಯ ಎಳೆಗಳ ನೂಡಲ್ಸ್ ಅದು. ಗೋಧಿಯಿಲ್ಲ, ಅಕ್ಕಿಯಿಲ್ಲ, ಕೊಬ್ಬಿಲ್ಲ, ಕ್ಯಾಲೊರಿಯಂತೂ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ಅದರ ಬಿರುದಾವಳಿ. ತೂಕ ಇಳಿಸಬೇಕೆನ್ನುವವರು, ಮಧುಮೇಹದವರು, ಇವೆರಡೂ ಅಲ್ಲದೆ ಕೇವಲ ಹೊಸತನ್ನು ಬಯಸುವವರು, ಎಲ್ಲರೂ ಅದನ್ನು ಬಾಣಲೆಗೆ ಹಾಕತೊಡಗಿದ್ದಾರೆ.

ದಶಲಕ್ಷಣ ಪರ್ವದ ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಬಹುದು. ಮನೆ ಬೆಂಗಳೂರಿನಲ್ಲಿಯೂ ಇದ್ದೀತು, ಬೆಳಗಾವಿಯಲ್ಲಿಯೂ ಇದ್ದೀತು. ಕಾಲೇಜು ಮುಗಿಸಿದ ಮೊಮ್ಮಗಳು ಏಕಾಶನದ ವ್ರತ ಹಿಡಿದು ಒಪ್ಪತ್ತು ಉಣ್ಣುತ್ತಿದ್ದಾಳೆ. ಆ ಒಪ್ಪತ್ತಿನ ಅಡಿಗೆಯನ್ನು ಅವಳೇ ಮಾಡಿಕೊಂಡಿದ್ದಾಳೆ. ಪೊಟ್ಟಣ ಕತ್ತರಿಸಿ, ಒಳಗಿನ ನೀರು ಚೆಲ್ಲಿ, ವಾಸನೆ ಹೋಗುವಂತೆ ಎಳೆಗಳನ್ನು ಮೂರು ನಾಲ್ಕು ಸಲ ತೊಳೆದು, ಎರಡು ನಿಮಿಷ ಕುದಿಸಿ, ಒಣ ಬಾಣಲೆಯಲ್ಲಿ ನೀರಾರುವಂತೆ ಹುರಿದು, ತರಕಾರಿ ಬೆರೆಸಿ ಬಟ್ಟಲು ತುಂಬ ಬಡಿಸಿಕೊಂಡಿದ್ದಾಳೆ. ಅಜ್ಜಿ ಕೇಳುತ್ತಾರೆ: “ಇದು ಯಾತರದ್ದು ಮಗಳೇ?” ಮೊಮ್ಮಗಳು ಹೇಳುತ್ತಾಳೆ: “ಹಸಿರು ಚುಕ್ಕೆ ಇದೆಯಲ್ಲ ಅಜ್ಜಿ, ಸಸ್ಯಾಹಾರವೇ. ಇಷ್ಟು ತಿಂದರೂ ಏನೂ ತಿಂದ ಲೆಕ್ಕವಿಲ್ಲ.” ಅಜ್ಜಿ ಮತ್ತೆ ಕೇಳುತ್ತಾರೆ: “ತಿಂದ ಲೆಕ್ಕವಿಲ್ಲದಿದ್ದರೆ ತಿನ್ನುವುದು ಯಾತಕ್ಕೆ?”

ಇದು ಯಾತರದ್ದು, ತಿನ್ನುವುದು ಯಾತಕ್ಕೆ ಎಂಬ ಈ ಎರಡು ಪ್ರಶ್ನೆಗಳಲ್ಲಿ ಜೈನ ಆಹಾರನೀತಿಯ ಸಾರವೆಲ್ಲ ಅಡಗಿದೆ. ಮೊದಲನೆಯದು ಭಕ್ಷ್ಯಾಭಕ್ಷ್ಯದ ಪ್ರಶ್ನೆ, ಎರಡನೆಯದು ತಪಸ್ಸಿನ ಪ್ರಶ್ನೆ. ಹೊಸ ನೂಡಲ್ಸು ಎರಡಕ್ಕೂ ಸರಿಯಾದ ಉತ್ತರ ಕೊಡಲಾರದು. ಆದರೂ ಅದು ಧರ್ಮದ ವೇಷದಲ್ಲಿ ಮನೆಯೊಳಗೆ ಬರುತ್ತಿದೆ. ಆಕ್ಷೇಪವಿರುವುದು ಆ ವೇಷಕ್ಕೆ.

ಈ ನೂಡಲ್ಸಿನ ತವರು ಜಪಾನು. ಅಲ್ಲಿ ಇದಕ್ಕೆ ಶಿರಾತಾಕಿ ಎಂದು ಹೆಸರು. ಬಿಳಿಯ ಜಲಪಾತ ಎಂದು ಅದರ ಅರ್ಥ. ಕೊಂಜಾಕ್ ಎಂಬ ಗಿಡದ ನೆಲದಡಿಯ ಗೆಡ್ಡೆಯಿಂದ ಇದು ತಯಾರಾಗುತ್ತದೆ. ಗೆಡ್ಡೆಯನ್ನು ಅಗೆದು ತೆಗೆದು, ಹೋಳು ಮಾಡಿ ಒಣಗಿಸಿ ಹಿಟ್ಟು ಮಾಡುತ್ತಾರೆ. ಹಿಟ್ಟಿನಲ್ಲಿರುವ ಗ್ಲುಕೊಮನ್ನಾನ್ ಎಂಬ ನಾರು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಉಬ್ಬುತ್ತದೆ. ಅದಕ್ಕೆ ಸುಣ್ಣದ ತಿಳಿ ಸೇರಿಸಿ ಕಾಯಿಸಿದಾಗ ಅದು ಗಟ್ಟಿಯಾಗಿ, ಮತ್ತೆಷ್ಟು ಕುದಿಸಿದರೂ ಕರಗದ ಲೋಳೆಗಟ್ಟಿಯಾಗುತ್ತದೆ. ಗಟ್ಟಿಯಾಗಿ ಕತ್ತರಿಸಿದರೆ ಕೊನ್ಯಾಕು, ಎಳೆಯಾಗಿ ಒತ್ತಿದರೆ ಶಿರಾತಾಕಿ. ನೂರರಲ್ಲಿ ಸುಮಾರು 97 ಪಾಲು ನೀರು, ಉಳಿದದ್ದು ಬಹುಮಟ್ಟಿಗೆ ಈ ನಾರು. ಮನುಷ್ಯನ ಜೀರ್ಣರಸಗಳು ಆ ನಾರನ್ನು ಒಡೆಯಲಾರವು. ಆದ್ದರಿಂದಲೇ 100 ಗ್ರಾಮಿಗೆ ಸುಮಾರು 10 ಕ್ಯಾಲೊರಿ ಮಾತ್ರ. ಬೇಯಿಸಿದ ಗೋಧಿ ನೂಡಲ್ಸಿನಲ್ಲಿ ಅಷ್ಟೇ ತೂಕಕ್ಕೆ 140ರ ಆಸುಪಾಸಿನಲ್ಲಿರುತ್ತದೆ.

ಜಪಾನಿನ ಜನರ ಊಟವನ್ನು ಇಲ್ಲಿ ಯಾರೂ ದೂಷಿಸಬೇಕಾಗಿಲ್ಲ. ಅವರ ದೇಶದ ಕೊಂಜಾಕ್ ಬೆಳೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಗುನ್ಮಾ ಎಂಬ ಒಂದೇ ಪ್ರಾಂತದಿಂದ ಬರುತ್ತದೆ. ಅಲ್ಲಿಯ ರೈತರಿಗೆ ಅದು ಜೀವನಾಧಾರ. ಮಾಂಸ ಮೀನು ಬಿಟ್ಟ ಬೌದ್ಧ ವಿಹಾರಗಳ ಅಡಿಗೆಯಲ್ಲಿ ಕೊನ್ಯಾಕುವಿಗೆ ಬಹುಕಾಲದಿಂದ ಸ್ಥಾನವುಂಟು. ಫೆಬ್ರವರಿ 8ರಂದು ಅಲ್ಲಿಯ ಅನೇಕ ದೇವಾಲಯಗಳಲ್ಲಿ ಮುರಿದ ಹೊಲಿಗೆಯ ಸೂಜಿಗಳನ್ನು ತಂದು ಮೆತ್ತಗಿನ ಕೊನ್ಯಾಕುವಿನಲ್ಲಿಯೋ ಸೋಯಾ ಗಟ್ಟಿಯಲ್ಲಿಯೋ ಚುಚ್ಚಿಡುವ ಆಚರಣೆಯಿದೆ. ವರ್ಷವೆಲ್ಲ ಗಟ್ಟಿ ಬಟ್ಟೆಯಲ್ಲಿ ನುಗ್ಗಿ ದುಡಿದ ಸೂಜಿಗೆ ಕೊನೆಯಲ್ಲಿ ಮೃದುವಾದ ಹಾಸಿಗೆ ಸಿಗಲೆಂಬ ಕೃತಜ್ಞತೆ ಅದು. ನಿರ್ಜೀವವಾದ ಸೂಜಿಗೂ ಮೃದುತ್ವವನ್ನು ಹಾರೈಸುವ ಮನಸ್ಸಿನೆದುರು ಯಾವ ಜೈನನೂ ತಲೆಬಾಗಬೇಕು. ಅವರು ಕೊಂಜಾಕನ್ನು ಗೆಡ್ಡೆಯೆಂದು ತಿಳಿದೇ ತಿನ್ನುತ್ತಾರೆ. ಗೆಡ್ಡೆ ತಿನ್ನೆನೆಂಬ ವ್ರತ ಅವರಿಗಿಲ್ಲ. ವ್ರತವಿರುವುದು ಶ್ರಾವಕನಿಗೆ. ಲೆಕ್ಕ ಕೇಳಬೇಕಾದದ್ದೂ ಅವನನ್ನೇ.

ಕೊಂಜಾಕ್ ಗಿಡವು ಕನ್ನಡನಾಡಿಗೆ ಅಪರಿಚಿತವೆನಿಸಿದರೂ ಅದರ ಸೋದರನನ್ನು ಇಲ್ಲಿ ಎಲ್ಲರೂ ಬಲ್ಲರು. ಸುವರ್ಣಗೆಡ್ಡೆ ಮತ್ತು ಕೊಂಜಾಕ್ ಎರಡೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಲಕ್ಕೆ ಸೇರಿದವು. ಹಸಿಯಾಗಿ ತಿಂದರೆ ಗಂಟಲು ಕೆರೆಯುವ ಗುಣವೂ ಎರಡಕ್ಕೂ ಒಂದೇ. ಗೆಡ್ಡೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು ಅದಕ್ಕೆ ಕಾರಣ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರವು ಸಸ್ಯಗಳನ್ನು ಅವು ಹುಟ್ಟುವ ಬಗೆಯನ್ನು ಅನುಸರಿಸಿ ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ ಮೊದಲಾಗಿ ವಿಂಗಡಿಸುತ್ತದೆ. ಗೆಡ್ಡೆಯೇ ಬೀಜವಾದದ್ದು ಕಂದಬೀಜ. ಸುವರ್ಣಗೆಡ್ಡೆ ಆ ಗುಂಪಿನದು. ಕೊಂಜಾಕ್ ಬೇರೆಯಾಗಲು ಸಾಧ್ಯವೇ ಇಲ್ಲ. ತಾಯಿಗೆಡ್ಡೆಯ ಸುತ್ತ ಮೂಡುವ ಮರಿಗೆಡ್ಡೆಗಳನ್ನು ಬಿಡಿಸಿ ನೆಟ್ಟೇ ಅದನ್ನು ಬೆಳೆಸುತ್ತಾರೆ. ಜಪಾನಿನಲ್ಲಿ ಶರತ್ಕಾಲಕ್ಕೆ ಅಗೆದು, ಚಳಿಗಾಲ ಕಳೆಯುವವರೆಗೆ ಕಾಪಾಡಿ, ವಸಂತದಲ್ಲಿ ಮತ್ತೆ ನೆಟ್ಟು, ಹೀಗೆ ಎರಡು ಮೂರು ವರ್ಷ ಮಾಡಿದ ಮೇಲೆ ಗೆಡ್ಡೆ ಹಿಟ್ಟಿಗೆ ಯೋಗ್ಯವಾಗುತ್ತದೆ. ಅಂದರೆ ಒಂದು ಫಸಲಿಗೆ ಎರಡು ಮೂರು ಬಾರಿ ನೆಲವನ್ನು ಅಗೆಯುವುದು, ಆ ನೆಲದಲ್ಲಿ ಮನೆ ಮಾಡಿಕೊಂಡ ಜೀವಿಗಳನ್ನು ಎರಡು ಮೂರು ಬಾರಿ ಕೆದಕುವುದು.

ಹಾಗಾದರೆ ಹಸಿರು ಚುಕ್ಕೆಯ ಮಾತೇನು? ಸರ್ಕಾರದ ನಿಯಮದಲ್ಲಿ ಆ ಚುಕ್ಕೆಗೆ ಇರುವ ಅರ್ಥ ಬಹಳ ಸೀಮಿತ. ಮಾಂಸ, ಮೀನು, ಮೊಟ್ಟೆಗಳ ಅಂಶವಿಲ್ಲವೆಂದು ಅದು ಹೇಳುತ್ತದೆ, ಅಷ್ಟೇ. ಆಲೂಗಡ್ಡೆಯ ಚಿಪ್ಸಿನ ಮೇಲೂ ಅದೇ ಚುಕ್ಕೆ, ಬೆಳ್ಳುಳ್ಳಿಯ ಉಪ್ಪಿನಕಾಯಿಯ ಮೇಲೂ ಅದೇ ಚುಕ್ಕೆ. ಮದ್ಯ ಮಾಂಸಗಳ ಸಾಲಿನಲ್ಲಿಯೇ ಶ್ರಾವಕನು ಮೊಟ್ಟಮೊದಲು ತ್ಯಜಿಸಬೇಕಾದ ಜೇನುತುಪ್ಪದ ಸೀಸೆಯ ಮೇಲೂ ಅದೇ ಚುಕ್ಕೆ. ಭಕ್ಷ್ಯಾಭಕ್ಷ್ಯದ ವಿವೇಕವನ್ನು ಇಲಾಖೆಯ ಮುದ್ರೆಗೆ ಒಪ್ಪಿಸಿ ಕೈತೊಳೆದುಕೊಂಡ ಸಮಾಜಕ್ಕೆ ಆ ಮುದ್ರೆಯನ್ನು ದೂರುವ ಹಕ್ಕಿಲ್ಲ. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದುವುದು ಇಂದು ಸ್ವಾಧ್ಯಾಯದ ಒಂದು ಅಂಗವೇ ಆಗಬೇಕಾಗಿದೆ. ಅಲ್ಲಿ ಕೊಂಜಾಕ್ ಎಂದಾಗಲಿ, ಗ್ಲುಕೊಮನ್ನಾನ್ ಎಂದಾಗಲಿ, 425 ಎಂಬ ಸಂಖ್ಯೆಯಾಗಲಿ ಕಂಡರೆ ಒಳಗಿರುವುದು ಗೆಡ್ಡೆ. ಗಟ್ಟಿಗೊಳಿಸಲು ಬಳಸಿದ ಸುಣ್ಣ ಕಲ್ಲಿನದೋ ಚಿಪ್ಪು ಸುಟ್ಟದ್ದೋ ಎಂಬುದು ಮತ್ತೊಂದು ಪ್ರಶ್ನೆ. ಎರಡೂ ಬಗೆಯ ಸುಣ್ಣ ಬಳಕೆಯಲ್ಲಿದೆ.

ಇಲ್ಲಿ ಒಂದು ಜಾಣ ವಾದ ಎದುರಾಗುತ್ತದೆ. “ಹಸಿಶುಂಠಿ ವರ್ಜ್ಯವಾದರೂ ಒಣಶುಂಠಿ ಬಳಸುತ್ತಾರೆ, ಅರಿಸಿನ ಬಳಸುತ್ತಾರೆ. ಅವೂ ನೆಲದಡಿಯವೇ. ಕೊಂಜಾಕ್ ಕೂಡ ಒಣಗಿಸಿ ಪುಡಿ ಮಾಡಿದ್ದು. ಅದೂ ಒಂದು ಬಟ್ಟಲಿಗೆ ಮೂರು ನಾಲ್ಕು ಗ್ರಾಮು ಮಾತ್ರ. ದೋಷವೆಲ್ಲಿ?” ಈ ವಾದವನ್ನು ತಳ್ಳಿಹಾಕದೆ ತೂಗಿ ನೋಡಬೇಕು. ತೂಕದ ಲೆಕ್ಕ ನಿಜ. ಆದರೆ ಒಣಗಿದ್ದೆಂಬ ಒಂದೇ ಕಾರಣದಿಂದ ಗೆಡ್ಡೆ ಗ್ರಾಹ್ಯವಾಗುವುದಾದರೆ ಆಲೂಗಡ್ಡೆಯ ಸಂಡಿಗೆ, ಈರುಳ್ಳಿಯ ಪುಡಿ, ಬೆಳ್ಳುಳ್ಳಿಯ ಪುಡಿ ಎಲ್ಲವೂ ಗ್ರಾಹ್ಯವಾಗಬೇಕು. ಹಾಗೆಂದು ಈ ವಾದ ಹೂಡುವವರೂ ಒಪ್ಪರು. ಒಣಶುಂಠಿಯೂ ಅರಿಸಿನವೂ ಔಷಧದ ಸ್ಥಾನದಲ್ಲಿ, ಚಿಟಿಕೆಯ ಮಾತ್ರದಲ್ಲಿ ಬಂದವು. ಅವುಗಳಿಂದ ಯಾರೂ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಇಲ್ಲಿಯಾದರೋ ಗೆಡ್ಡೆಯ ಹಿಟ್ಟು ಬಂದಿರುವುದೇ ಬಟ್ಟಲನ್ನು ತುಂಬಲಿಕ್ಕೆ. ಅನುಮತಿ ಹುಟ್ಟಿದ ಕಾರಣವನ್ನು ಮರೆತು ಅನುಮತಿಯನ್ನು ಮಾತ್ರ ಹಿಡಿದುಕೊಳ್ಳುವುದು ವಕೀಲರ ಜಾಣ್ಮೆಯಾದೀತು, ವ್ರತಿಯ ವಿವೇಕವಾಗದು.

ಜೈನ ಪಾಕಶಾಲೆಗೆ ಪರ್ಯಾಯಗಳೇನೂ ಹೊಸತಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿ, ಈರುಳ್ಳಿ ಬೆಳ್ಳುಳ್ಳಿಯ ಬದಲು ಇಂಗು, ಹೀಗೆ ಬದಲಿಸಿ ಬದಲಿಸಿಯೇ ಅದು ತನ್ನ ಸೊಗಸನ್ನು ಪಡೆದಿದೆ. ಆ ಬದಲಾವಣೆಗಳಿಗೆಲ್ಲ ಒಂದು ದಿಕ್ಕಿತ್ತು. ಹೆಚ್ಚು ಹಿಂಸೆಯಿಂದ ಕಡಿಮೆ ಹಿಂಸೆಯ ಕಡೆಗೆ, ನೆಲದಡಿಯಿಂದ ನೆಲದ ಮೇಲಕ್ಕೆ ಅವು ನಡೆದವು. ಶಿರಾತಾಕಿಯ ನಡೆ ಇದಕ್ಕೆ ತಿರುಗುಮುರುಗು. ಗೋಧಿ, ಅಕ್ಕಿ, ರಾಗಿಯ ಶಾವಿಗೆಯನ್ನು ತೆಗೆದುಹಾಕಿ ಆ ಸ್ಥಾನದಲ್ಲಿ ಗೆಡ್ಡೆಯನ್ನು ಕೂಡಿಸುವುದು ಅದರ ಕೆಲಸ. ತೆನೆ ಬಲಿತು ಗಿಡ ತಾನಾಗಿ ಒಣಗಿದ ಮೇಲೆ ಸಿಗುವ ಧಾನ್ಯವನ್ನು ಬಿಟ್ಟು, ಬುಡಸಹಿತ ಕಿತ್ತ ಗೆಡ್ಡೆಯನ್ನು ಆರಿಸಿಕೊಳ್ಳುವುದಕ್ಕೆ ಕೊಟ್ಟ ಕಾರಣವಾದರೂ ಏನು? ಕ್ಯಾಲೊರಿ ಕಡಿಮೆ ಎಂಬುದೊಂದೇ.

ಆ ಕಾರಣವನ್ನೂ ಲೆಕ್ಕ ಹಾಕಿಯೇ ನೋಡಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮೂಲಂಗಿ, ಹಸಿಶುಂಠಿ ಮೊದಲಾದವುಗಳನ್ನು ಬಿಡಬೇಕೆನ್ನುವಾಗ ಒಂದು ಅಳತೆಗೋಲನ್ನು ಕೊಡುತ್ತದೆ: ಸಿಗುವ ಫಲ ಅಲ್ಪ, ಆಗುವ ಘಾತ ಬಹಳ. ಈ ಅಳತೆಗೋಲು ಸಾವಿರ ವರ್ಷಕ್ಕೂ ಹಿಂದಿನದು. ಇಂದಿನ ಪೊಟ್ಟಣಕ್ಕೂ ಅದು ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಸೋರೆಕಾಯಿಯನ್ನು ಉದ್ದಕ್ಕೆ ಹೆರೆದು ಎಳೆ ಮಾಡಿ ಎರಡು ನಿಮಿಷ ಹಬೆಯಲ್ಲಿಟ್ಟರೆ ಅದೂ ಒಂದು ನೂಡಲ್ಸೇ. ಅದರ 100 ಗ್ರಾಮಿನಲ್ಲಿ ಸುಮಾರು 15 ಕ್ಯಾಲೊರಿ. ಕೊಂಜಾಕಿನಲ್ಲಿ ಸುಮಾರು 10. ಎರಡರ ಅಂತರ 5. ಒಂದು ಸಣ್ಣ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಒಗ್ಗರಣೆಗೆ ಮೂರು ಚಮಚ ಎಣ್ಣೆ ಸುರಿದವನು ಸೋರೆಕಾಯಿಯನ್ನು ಬಿಟ್ಟು ಗೆಡ್ಡೆಯನ್ನು ಹಿಡಿದು ಉಳಿಸಿದ್ದು 5, ಸುರಿದದ್ದು 135. ಗಿಡವನ್ನು ಬುಡಸಮೇತ ಕಿತ್ತು, ಕಡಲಾಚೆಯಿಂದ ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಫಲ ಇಷ್ಟೇ. ಅಲ್ಪ ಫಲ, ಬಹು ಘಾತ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಗೆಡ್ಡೆಯೆಂದು ತಿಳಿದು ಶಿರಾತಾಕಿಯನ್ನು ಬಿಟ್ಟವರಿಗೆ ಮಾರುಕಟ್ಟೆ ಮತ್ತೊಂದನ್ನು ಮುಂದೊಡ್ಡುತ್ತದೆ. ತಾಳೆಯ ಜಾತಿಯ ಮರಗಳ ಎಳೆಯ ಸುಳಿಯನ್ನು ಸೀಳಿ ಮಾಡಿದ ನೂಡಲ್ಸ್ ಅದು. ಅದು ಗೆಡ್ಡೆಯಲ್ಲ, ನಿಜ. ಆದರೆ ತೆಂಗಿನ ಸುಳಿ ತೆಗೆದರೆ ಮರ ಏನಾಗುವುದೆಂದು ಕರಾವಳಿಯ ಮಕ್ಕಳಿಗೂ ಗೊತ್ತು. ಗಾಳಿಗೆ ಮರ ಉರುಳಿದಾಗ ಮಾತ್ರ ಅದರ ಸುಳಿಯನ್ನು ತಿನ್ನುವುದು ಇಲ್ಲಿಯ ರೂಢಿ. ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿಯ ಕಾಡುಗಳಲ್ಲಿ ಬೆಳೆಯುವ ಜುಸಾರ ಎಂಬ ತಾಳೆಗೆ ಒಂದೇ ಕಾಂಡ; ಸುಳಿಗಾಗಿ ಕಡಿದರೆ ಮರ ಸತ್ತಂತೆ. ಹಾಗೆ ಕಡಿದು ಕಡಿದು ಆ ಮರ ಅನೇಕ ಕಡೆ ವಿರಳವಾಗಿದೆ. ತೋಟಗಳಲ್ಲಿ ಬೆಳೆಸುವ ಬೇರೆ ಜಾತಿಯ ತಾಳೆಗಳು ಬುಡದಿಂದ ಮತ್ತೆ ಚಿಗುರುತ್ತವೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಆದರೂ ಒಂದು ತಟ್ಟೆಯ ಊಟಕ್ಕಾಗಿ ಒಂದು ಕಾಂಡದ ತುದಿಯುಸಿರನ್ನು ತೆಗೆಯುವುದು ತಪ್ಪಲಿಲ್ಲ.

ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿ ಷಡ್‌ಲೇಶ್ಯೆಯ ಮರವೊಂದಿದೆ. ಹಸಿದ ಆರು ಜನ ಹಣ್ಣಿನ ಮರದ ಬಳಿಗೆ ಬಂದ ಕಥೆ ಅದು. ಒಬ್ಬನು ಮರವನ್ನು ಬೇರುಸಹಿತ ಕೀಳಬೇಕೆನ್ನುತ್ತಾನೆ. ಅದು ಕೃಷ್ಣ ಲೇಶ್ಯೆ. ಇನ್ನೊಬ್ಬನು ಕಾಂಡವನ್ನು ಕಡಿಯಬೇಕೆನ್ನುತ್ತಾನೆ, ಅದು ನೀಲ. ಕಪೋತ ಲೇಶ್ಯೆಯವನು ದೊಡ್ಡ ಕೊಂಬೆಗಳಿಗೂ, ಪೀತ ಲೇಶ್ಯೆಯವನು ಸಣ್ಣ ಕೊಂಬೆಗಳಿಗೂ ಕೈಹಾಕುತ್ತಾರೆ. ಪದ್ಮ ಲೇಶ್ಯೆಯವನಿಗೆ ಹಣ್ಣನ್ನು ಕೊಯ್ದರೆ ಸಾಕು. ಶುಕ್ಲ ಲೇಶ್ಯೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಆರು ಜನರ ಹಸಿವೂ ಒಂದೇ, ಮರವೂ ಒಂದೇ. ಬೇರೆಯಾದದ್ದು ಮನಸ್ಸಿನ ಬಣ್ಣ. ಆ ಗೋಡೆಯ ಮುಂದೆ ನಿಂತು ಇಂದಿನ ಅಂಗಡಿಯ ಕಪಾಟನ್ನು ನೆನೆದರೆ ಸಾಕು. ಗೆಡ್ಡೆಯ ನೂಡಲ್ಸ್ ಬೇರುಸಹಿತ ಕಿತ್ತವನ ಪಾಲು, ಸುಳಿಯ ನೂಡಲ್ಸ್ ಕಾಂಡ ಕಡಿದವನ ಪಾಲು. ಸೋರೆ, ಹೀರೆ, ಪಡವಲಗಳು ಬಳ್ಳಿಯನ್ನು ಉಳಿಸಿ ಕಾಯನ್ನಷ್ಟೇ ಕೊಯ್ದವನ ಪಾಲು. ಮಠದ ಗೋಡೆಯ ಚಿತ್ರವನ್ನು ನೋಡಿ ಕೈಮುಗಿದು ಬಂದವನು ಕಪಾಟಿನ ಮುಂದೆ ಅದನ್ನು ಮರೆತರೆ ಯಾತ್ರೆ ವ್ಯರ್ಥವಾಯಿತು.

ಇಷ್ಟು ಮೊದಲ ಪ್ರಶ್ನೆಯ ಮಾತು. ಅಜ್ಜಿಯ ಎರಡನೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಗೆಡ್ಡೆಯಲ್ಲದ, ಸುಳಿಯಲ್ಲದ, ಯಾವ ದೋಷವೂ ಇಲ್ಲದ ಶೂನ್ಯ ಕ್ಯಾಲೊರಿಯ ನೂಡಲ್ಸು ನಾಳೆ ತಯಾರಾದರೂ ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ತಿಂದ ಲೆಕ್ಕವಿಲ್ಲದಿದ್ದರೆ ತಿನ್ನುವುದು ಯಾತಕ್ಕೆ?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಬಾಹ್ಯ ತಪಗಳನ್ನು ಹೇಳುತ್ತದೆ. ಅನಶನದ ಮರುಸ್ಥಾನದಲ್ಲಿಯೇ ಅವಮೌದರ್ಯ ನಿಂತಿದೆ. ಊನೋದರವೆಂದೂ ಅದನ್ನು ಕರೆಯುವರು. ಹಸಿವಿಗಿಂತ ಕಡಿಮೆ ಉಣ್ಣುವುದು ಅದರ ಲಕ್ಷಣ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯ ಪೂರ್ಣಾಹಾರ 28 ತುತ್ತು ಎಂದು ಗ್ರಂಥಗಳು ಎಣಿಸಿ, ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯವೆಂದು ಹೇಳುತ್ತವೆ. ಎಷ್ಟು ಕರುಣೆಯ ನಿಯಮ! ಉಪವಾಸ ಮಾಡಲಾರದ ವೃದ್ಧನಿಗೂ ಬಾಣಂತಿಗೂ ಒಂದು ತುತ್ತನ್ನು ಬಿಡುವ ದಾರಿಯನ್ನು ಅದು ತೆರೆದಿಟ್ಟಿದೆ. ಆ ಒಂದು ತುತ್ತಿನ ಖಾಲಿ ಜಾಗದಲ್ಲಿಯೇ ತಪಸ್ಸು ಇರುವುದು. ಹೊಟ್ಟೆ ಇನ್ನಷ್ಟು ಕೇಳಿದಾಗ ಮನಸ್ಸು ಸಾಕೆನ್ನಬೇಕು. ಇಚ್ಛೆಯ ನಿರೋಧವೇ ತಪಸ್ಸೆಂಬ ಮಾತಿಗೆ ಅರ್ಥ ಅದು.

ಹೊಸ ನೂಡಲ್ಸಿನ ಪ್ರತಿಜ್ಞೆ ಇದರ ತದ್ವಿರುದ್ಧವಾದದ್ದು. ಬಟ್ಟಲು ತುಂಬಿರಲಿ, ಹೊಟ್ಟೆ ಉಬ್ಬಲಿ, ನಾಲಿಗೆಗೆ ಏನೂ ಕಡಿಮೆಯಾಗದಿರಲಿ, ಶರೀರಕ್ಕೆ ಮಾತ್ರ ಏನೂ ಸಲ್ಲದಿರಲಿ. ಅವಮೌದರ್ಯದಲ್ಲಿ ಇಚ್ಛೆ ಸಣ್ಣದಾಗಿ ಆಹಾರವೂ ಸಣ್ಣದಾಗುತ್ತದೆ. ಇಲ್ಲಿ ಆಹಾರವೊಂದೇ ಮಾಯವಾಗಿ ಇಚ್ಛೆ ಇದ್ದಷ್ಟೇ ಇರುತ್ತದೆ. ಶಿಕ್ಷೆಯಿಲ್ಲವೆಂಬ ಧೈರ್ಯದಿಂದ ಬೆಳೆಯುತ್ತದೆ ಕೂಡ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಎರಡನ್ನೋ ಬಿಟ್ಟು ಉಣ್ಣುವುದು ರಸಪರಿತ್ಯಾಗ. ಅಲ್ಲಿ ರಸ ಹೋಗಿ ಆಹಾರ ಉಳಿಯುತ್ತದೆ. ಶಿರಾತಾಕಿಯಲ್ಲಿ ಆಹಾರ ಹೋಗಿ ರಸ ಉಳಿಯುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾಯೆಯೆಂದರೆ ವಂಚನೆ. ಇತರರನ್ನು ವಂಚಿಸುವುದನ್ನು ಎಲ್ಲರೂ ದೋಷವೆನ್ನುತ್ತಾರೆ. ತನ್ನ ಹೊಟ್ಟೆಗೆ ತಾನೇ ಊಟದ ನಟನೆ ತೋರಿಸಿ, ಅದನ್ನು ವ್ರತದ ಲೆಕ್ಕಕ್ಕೆ ಬರೆದುಕೊಳ್ಳುವುದಕ್ಕೆ ಬೇರೆ ಹೆಸರಿಲ್ಲ.

ಈ ಆಟದಲ್ಲಿ ನಷ್ಟಕ್ಕೀಡಾಗುವವರು ಯಾರೆಂಬುದನ್ನು ನೋಡಿದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇಂಥ ದೇಶದಲ್ಲಿ ಕಬ್ಬಿಣವಿಲ್ಲದ, ಸಸಾರಜನಕವಿಲ್ಲದ, ಶಕ್ತಿಯಿಲ್ಲದ ನೀರಿನ ಗಟ್ಟಿಯನ್ನು ಯುವತಿಯೊಬ್ಬಳ ಏಕೈಕ ಹೊತ್ತಿನ ಊಟವನ್ನಾಗಿ ಮಾಡುವುದು ಆರೋಗ್ಯವೂ ಅಲ್ಲ, ಧರ್ಮವೂ ಅಲ್ಲ. ಆ ಮೊಮ್ಮಗಳು ಒಪ್ಪತ್ತು ಹಿಡಿದದ್ದು ಕರ್ಮದ ಭಯದಿಂದಲೋ ಕನ್ನಡಿಯ ಭಯದಿಂದಲೋ ಎಂದು ಯಾರೂ ಕೇಳಲಿಲ್ಲ. ವ್ರತ ಹಿಡಿದಳೆಂದು ನೆಂಟರೆಲ್ಲ ಹೊಗಳಿದರು. ಅವಳ ಮನಸ್ಸಿನಲ್ಲಿ ನಡೆಯುತ್ತಿದ್ದುದು ಶರೀರದ ಮೇಲಣ ಮೋಹವನ್ನು ಕಳೆದುಕೊಳ್ಳುವ ಸಾಧನೆಯಾಗಿರಲಿಲ್ಲ. ಶರೀರವನ್ನು ದ್ವೇಷಿಸುವ ಹೊಸ ಮೋಹವಾಗಿತ್ತು. ತಪಸ್ವಿಯು ಶರೀರವನ್ನು ಮರೆಯಲು ಕಡಿಮೆ ಉಣ್ಣುತ್ತಾನೆ. ಇಲ್ಲಿ ಗಳಿಗೆ ಗಳಿಗೆಗೂ ಶರೀರವನ್ನೇ ನೆನೆಯುತ್ತ, ತಕ್ಕಡಿಯ ಮೇಲೆ ನಿಂತು ಇಳಿಯುತ್ತ, ಕಡಿಮೆ ಉಣ್ಣುವುದು ನಡೆದಿದೆ. ಎರಡೂ ತಟ್ಟೆಗಳು ಹೊರಗಿನಿಂದ ಒಂದೇ ರೀತಿ ಕಂಡಾವು.

ಈ ದೋಷವನ್ನು ಎಳೆಯರ ತಲೆಗೆ ಕಟ್ಟಿ ಹಿರಿಯರು ತಪ್ಪಿಸಿಕೊಳ್ಳುವಂತಿಲ್ಲ. ಹೆಣ್ಣು ನೋಡಲು ಬಂದಾಗ ಹುಡುಗಿ ಸ್ವಲ್ಪ ದಪ್ಪ ಎಂದು ಪಿಸುಗುಟ್ಟುವವರು ಅದೇ ಹಿರಿಯರು. ಪರ್ವ ಮುಗಿದ ಮರುದಿನ ಪಾರಣೆಯ ಹೆಸರಿನಲ್ಲಿ ಹೋಳಿಗೆಯ ಮೇಲೆ ತುಪ್ಪ ಸುರಿದು ಬಡಿಸುವವರೂ ಅವರೇ. ಮದುವೆಯ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂಬ ಹೆಮ್ಮೆಯಿಂದ ಕರಿದದ್ದು, ಸಿಹಿಯದ್ದು ಸಾಲುಸಾಲಾಗಿ ಬಡಿಸಿ, ಅರ್ಧ ಎಲೆಯಲ್ಲಿಯೇ ಉಳಿದರೂ ಅದನ್ನು ಅಹಿಂಸೆಯ ಊಟವೆನ್ನುವವರೂ ಅವರೇ. ವರ್ಷದ ಮುನ್ನೂರೈವತ್ತು ದಿನ ನಾಲಿಗೆಗೆ ಲಗಾಮು ಹಾಕದ ಮನೆಯಲ್ಲಿ ಹತ್ತು ದಿನದ ಸಂಯಮವೂ ಅಂಗಡಿಯ ಪೊಟ್ಟಣದಿಂದಲೇ ಬರಬೇಕಾಗುತ್ತದೆ. ಅವಮೌದರ್ಯವನ್ನು ಪ್ರವಚನದಲ್ಲಿ ಕೇಳಿದ ಮಕ್ಕಳು ಅದನ್ನು ಊಟದ ಮನೆಯಲ್ಲಿ ಕಂಡಿಲ್ಲ. ಕಾಣದ್ದನ್ನು ಕಲಿಯುವುದು ಹೇಗೆ?

ನಿಜವಾದ ರೋಗಿಯ ಮಾತು ಬೇರೆ. ಅದನ್ನು ಅನುಕಂಪೆಯಿಂದಲೇ ಆಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಅನ್ನ ಕಡಿಮೆ ಮಾಡಬೇಕೆಂಬ ವೈದ್ಯರ ಮಾತು ಅವರಿಗೆ ವಿಲಾಸವಲ್ಲ, ಪ್ರಾಣದ ಪ್ರಶ್ನೆ. ಕೊಂಜಾಕಿನ ನಾರಿಗೆ ಗುಣವೇ ಇಲ್ಲವೆನ್ನುವುದೂ ಸುಳ್ಳಾಗುತ್ತದೆ. ಮಿತಾಹಾರದ ಜೊತೆಗೆ ದಿನಕ್ಕೆ 3 ಗ್ರಾಮು ಗ್ಲುಕೊಮನ್ನಾನನ್ನು ಮೂರು ಪಾಲು ಮಾಡಿ, ಊಟಕ್ಕೆ ಮೊದಲು ಸಾಕಷ್ಟು ನೀರಿನೊಂದಿಗೆ ಸೇವಿಸಿದರೆ ತೂಕ ಇಳಿಯಲು ನೆರವಾಗುವುದೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಒಪ್ಪಿದೆ. ಆ ಮಾತಿನ ಮೊದಲ ಪದವನ್ನು ಗಮನಿಸಬೇಕು: ಮಿತಾಹಾರ. ಮಿತಾಹಾರವಿಲ್ಲದವನಿಗೆ ಅದರ ಭರವಸೆಯೂ ಇಲ್ಲ. ಇನ್ನು ನಾರೇ ಬೇಕಾದರೆ ಅದಕ್ಕಾಗಿ ನೆಲವನ್ನು ಅಗೆಯಬೇಕಾಗಿಲ್ಲ. ನೀರಿನಲ್ಲಿ ಉಬ್ಬುವ ಅದೇ ಬಗೆಯ ನಾರು ಇಸಬ್‌ಗೋಲಿನ ಸಿಪ್ಪೆಯಲ್ಲಿದೆ, ಮೆಂತ್ಯದ ಕಾಳಿನಲ್ಲಿದೆ. ಒಂದು ಬೀಜದ ಹೊರಕವಚ, ಇನ್ನೊಂದು ಬೀಜವೇ. ಎರಡೂ ಗಿಡ ಬಲಿತು ಒಣಗಿದ ಮೇಲೆ ಸಿಗುವಂಥವು. ಇವುಗಳ ಸೇವನೆಯನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಇಷ್ಟಾಗಿಯೂ ಯಾವ ರೋಗಿಗಾದರೂ ಕೊಂಜಾಕೇ ಅನಿವಾರ್ಯವೆನಿಸಿದರೆ, ಅವನು ಅದನ್ನು ಔಷಧವೆಂದು ತಿಳಿದು, ದೋಷವನ್ನು ದೋಷವೆಂದೇ ಒಪ್ಪಿ ಸೇವಿಸಲಿ. ಒಪ್ಪಿಕೊಂಡ ದೋಷಕ್ಕೆ ಪ್ರಾಯಶ್ಚಿತ್ತವುಂಟು. ಗುಣವೆಂದು ಮೆರೆಸಿದ ದೋಷಕ್ಕೆ ಅದೂ ಇಲ್ಲ.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ದಶಲಕ್ಷಣದ ಪ್ರವಚನಗಳಲ್ಲಿ ಉತ್ತಮ ತಪದ ದಿನ ಅವಮೌದರ್ಯದ ಅರ್ಥವನ್ನು ಎಳೆಯರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು; ತೆಳ್ಳಗಾಗುವುದು ತಪಸ್ಸಲ್ಲವೆಂಬುದನ್ನು ಅದರೊಡನೆಯೇ ಹೇಳಬೇಕು. ಮಹಿಳಾ ಸಮಾಜಗಳು ಅಡಿಗೆಯ ಸ್ಪರ್ಧೆ ನಡೆಸುವಾಗ ಪೊಟ್ಟಣದ ಹಿಂಬದಿಯನ್ನು ಓದುವ ಪಾಠವನ್ನೂ ಸೇರಿಸಬೇಕು. ಸಮಾರಂಭದ ಊಟಗಳಲ್ಲಿ ಬಗೆಗಳ ಸಂಖ್ಯೆ ಇಳಿಯಬೇಕು. ಹಿರಿಯರು ತಮ್ಮ ತಟ್ಟೆಯಲ್ಲಿ ಒಂದು ತುತ್ತು ಕಡಿಮೆ ಬಡಿಸಿಕೊಂಡು ಮಕ್ಕಳ ಎದುರಿಗೇ ಉಂಡೇಳಬೇಕು.

ಆ ಮೊಮ್ಮಗಳಿಗೆ ಅಜ್ಜಿ ಮರುದಿನ ಏನು ಬಡಿಸಬೇಕೆಂದು ಕೇಳಿದರೆ ಉತ್ತರ ಮನೆಯಲ್ಲಿಯೇ ಇದೆ. ರಾಗಿಯ ಶಾವಿಗೆ ಒಂದು ಹಿಡಿ, ಎಳೆಯಾಗಿ ಹೆರೆದ ಸೋರೆಕಾಯಿ ಎರಡು ಹಿಡಿ, ಬೆಂದ ಹೆಸರುಬೇಳೆ, ಒಂದೇ ಚಮಚ ಎಣ್ಣೆಯ ಒಗ್ಗರಣೆ, ನಿಂಬೆಯ ಹುಳಿ. ಶರೀರಕ್ಕೆ ಸಲ್ಲಬೇಕಾದದ್ದು ಅದರಲ್ಲಿ ಸಲ್ಲುತ್ತದೆ. ಬಳ್ಳಿ ಬಳ್ಳಿಯಾಗಿಯೇ ಹಿತ್ತಲಿನಲ್ಲಿ ಉಳಿಯುತ್ತದೆ. ಉಂಡದ್ದು ಉಂಡ ಲೆಕ್ಕಕ್ಕೆ ಬರಲಿ, ಬಿಟ್ಟದ್ದು ಬಿಟ್ಟ ಲೆಕ್ಕಕ್ಕೆ ಬರಲಿ. ಹಸಿವೆ ಇನ್ನೂ ಒಂದು ತುತ್ತು ಕೇಳುವಾಗ ಅವಳು ಕೈತೊಳೆದು ಎದ್ದರೆ ಅಂದಿನ ಅವಮೌದರ್ಯ ಪೂರ್ಣವಾಯಿತು. ಆ ಒಂದು ತುತ್ತನ್ನು ಯಾವ ಕಾರ್ಖಾನೆಯೂ ತಯಾರಿಸಿ ಕೊಡಲಾರದು. ಅದನ್ನು ಬಿಡುವವನೇ ಬಿಡಬೇಕು.